ಸ್ಟೇಜಿನ ಕೆಳಗೆ ನಿಂತ ತಮಟೆ

ಬೈರಾಪಟ್ಟಣ
೨೦ ನವೆಂಬರ್ ೨೦೦೭

ಪ್ರೀತಿಯ ಸರಸುವಿಗೆ,

ನೀನು ಮಾಗಡಿಗೆ ಹೋದ ಮೇಲೆ ಒಂದು ಗೆರೆಯನ್ನೂ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನಿಮ್ಮಣ್ಣನೇ ಎತ್ತುತ್ತಾರೆ. "ಅವ್ಳು ಒಳಗವ್ಳೆ" ಅಂದು ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ನಿಮ್ಮಮ್ಮನ ಮಂಡಿನೋವು ಹೇಗಿದೆ? ಪುಟ್ಟಿ ಹಟ ಮಾಡದೆ ಊಟ ಮಾಡುತ್ತಾಳಾ? ಇಲ್ಲಿ ಹಸು ಚೆನ್ನಾಗಿದೆ, ಹಿತ್ತಲಿನ ಅವರೆ ಹೂ ಬಿಟ್ಟಿದೆ. ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ಉಪ್ಪು ಮಾತ್ರ ದಿನಕ್ಕೊಂದು ತರಹ ಬೀಳುತ್ತಿದೆ.

ರಾಜ್ಯೋತ್ಸವದ ದಿನ ಕಾರ್ಖಾನೆಯಲ್ಲಿ ಏನಾಯಿತೆಂದು ಯಾರ್ಯಾರೋ ಏನೇನೋ ನಿನ್ನ ಕಿವಿಗೆ ಹಾಕಿರುತ್ತಾರೆ. ನಡೆದದ್ದನ್ನು ನನ್ನಿಂದಲೇ ಕೇಳು.

ಬಿಡದಿ ಕಡೆಯ ಆ ಹೊಸ ಕಾರ್ಖಾನೆಯ ಆಹ್ವಾನಪತ್ರಿಕೆ ನೀನೂ ನೋಡಿದ್ದೆಯಲ್ಲ. 'ಸಂಗೀತ ಸಂಯೋಜನೆ: ಮನೋಹರ್' ಎಂದು ಅಚ್ಚಾಗಿತ್ತು. ಗಂಗಯ್ಯ ಮೇಷ್ಟ್ರ ನಾಟಕಗಳಿಗೆ, ಮದುವೆ ಮನೆಗಳ ಆರ್ಕೆಸ್ಟ್ರಾಕ್ಕೆ ಮೂಲೆಯಲ್ಲಿ ಕೂತು ತಬಲಾ ನುಡಿಸಿದವನಿಗೆ ಅದೆಷ್ಟು ದೊಡ್ಡದು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಾಮನಗರದ ಖಾಸಿಂ ಸಾಹೇಬರು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ನನಗೆ ತಬಲಾ ಕಲಿಸಿದರು, ಗಂಗಯ್ಯ ಮೇಷ್ಟ್ರು ಮಟ್ಟು ಕಟ್ಟುವುದನ್ನು ಕಲಿಸಿದರು. ಆದರೂ ಎರಡೂ ನನ್ನವಲ್ಲ ಅನ್ನಿಸುತ್ತಿತ್ತು. ಕನಕಪುರದಲ್ಲಿ ಒಂದು ಶವಯಾತ್ರೆಯ ಮುಂದೆ ದಾಸಪ್ಪಣ್ಣ ತಮಟೆ ಬಾರಿಸುತ್ತಾ ಬಂದ ದಿನ, ಹತ್ತಬೇಕಾದ ಬಸ್ಸು ಬಿಟ್ಟು ಅವರ ಹಿಂದೆ ಸ್ಮಶಾನದವರೆಗೂ ನಡೆದೆ. ಸತ್ತವರು ಯಾರೆಂದೂ ನನಗೆ ಗೊತ್ತಿರಲಿಲ್ಲ. ಈ ಸಲದ ಸಂಗೀತ ಹುಟ್ಟಿದ್ದು ಅಲ್ಲಿ. ತಬಲಾ ಒಂದು ಮಾತು ಕೇಳುತ್ತದೆ, ತಮಟೆ ಜವಾಬು ಕೊಡುತ್ತದೆ, ಖಾಸಿಂ ಸಾಹೇಬರ ಹಾರ್ಮೋನಿಯಂ ಇಬ್ಬರನ್ನೂ ಹಿಡಿದಿಡುತ್ತದೆ.

ಅವತ್ತು ಸಂಜೆ ಶುರುವಿನಿಂದಲೇ ಎಲ್ಲವೂ ಅಡ್ಡಡ್ಡ. ತಮಟೆ ಕಾಯಿಸಲು ದಾಸಪ್ಪಣ್ಣ ಒಂದಿಷ್ಟು ಒಣ ತೆಂಗಿನ ಗರಿ ಹೊತ್ತಿಸಿದ್ದೇ ತಡ, ಸೆಕ್ಯೂರಿಟಿಯವನು ಓಡಿಬಂದು ಬೂಟುಗಾಲಲ್ಲಿ ತುಳಿದು ಆರಿಸಿದ. ಕೊನೆಗೆ ಸ್ಟೇಜಿನ ಫೋಕಸ್ ಲೈಟಿಗೆ ತೊಗಲು ಹಿಡಿದು ಕಾಯಿಸಿಕೊಂಡರು. ಅಷ್ಟರಲ್ಲಿ ಅನಂತರಾಜು ಬಂದ. ಕಾರ್ಖಾನೆಗೆ ಜಲ್ಲಿ ಹೊಡೆಯುವ ಕಂಟ್ರಾಕ್ಟರ್, ಕಾರ್ಯಕ್ರಮದ ಉಸ್ತುವಾರಿ ಅವನದೇ.

"ಮನೋಹರ, ತಮಟೆಯೋನು ಕೆಳಗ್ ನಿಂತ್ಕೊಂಡ್ ಬಾರಿಸ್ಲಿ. ತಾಯಿ ಭುವನೇಶ್ವರಿ ಫೋಟೋ ಮಡಗಿ ಪೂಜೆ ಮಾಡೀವಿ ಮ್ಯಾಲೆ."

"ಅವರು ಪಕ್ಕದಲ್ಲಿ ಇಲ್ಲದೆ ಇದು ಆಗಲ್ಲ ಅನಂತಣ್ಣ."

"ಆಯ್ತದೆ ಕಣ್ಲಾ. ಕಿವಿಗ್ ಕೇಳ್ಸಿದ್ರೆ ಸಾಕಲ್ವಾ?"

ನಾನು ಇನ್ನೇನೋ ಹೇಳುವಷ್ಟರಲ್ಲಿ ದಾಸಪ್ಪಣ್ಣ ನನ್ನ ತೋಳು ಹಿಡಿದರು. "ಬುಡಿ ಮೇಷ್ಟ್ರೇ, ನಿಂತ್ಕೋತೀನಿ. ಗಲಾಟೆ ಬ್ಯಾಡ" ಅಂದು ಇಳಿದೇ ಹೋದರು.

ಶುರು ಮಾಡಿದೆವು. ಮೊದಲ ಭಾಗ ಹೇಗೋ ಸಾಗಿತು. ಸವಾಲು ಜವಾಬು ಬಂದಾಗ ಬಗ್ಗಿ ನೋಡಿದೆ. ನನಗೆ ಕಾಣುತ್ತಿದ್ದದ್ದು ಕೆಳಗೆ ನಿಂತ ದಾಸಪ್ಪಣ್ಣನ ನೆತ್ತಿ ಮಾತ್ರ. ಅವರ ಕೈ ನೋಡದೆ ನನ್ನ ಕೈ ಏಳಲಿಲ್ಲ, ಸರಸು. ನಿಲ್ಲಿಸಿಬಿಟ್ಟೆ. ಖಾಸಿಂ ಸಾಹೇಬರೂ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿದ್ದ ಹೊರಗಿನ ಆಫೀಸರುಗಳು ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದರು. ಹಿಂದೆ ಕೂತ ನಮ್ಮ ಕಡೆಯ ಕೆಲಸಗಾರರಿಗೆ ಏನೋ ಕೆಟ್ಟಿದೆ ಎಂದು ಗೊತ್ತಾಗಿ ಗುಸುಗುಸು ಎದ್ದಿತು. ನಾನು ತಬಲಾ ಎರಡನ್ನೂ ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದೆ.

ಅನಂತರಾಜು ಅಡ್ಡ ನಿಂತ. "ಏನ್ಲಾ, ಎಲ್ರ ಮುಂದೆ ನನ್ ಮಾನ ಕಳೀತೀಯಾ?" ಪಕ್ಕಕ್ಕೆ ಸರಿದು ನಡೆದೆ.

ದಾಸಪ್ಪಣ್ಣನಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಅವರ ಮುಖ ಸಿಟ್ಟಿನಿಂದ ಕಪ್ಪಿಟ್ಟಿತ್ತು. "ಯಾಕ್ ಇಳಿದ್ರಿ? ನಿಮ್ಗೇನು, ನಾಳೆ ಪೇಪರ್ನಾಗೆ ಹೆಸ್ರು ಬತ್ತದೆ. ನಾನು ಈ ಅನಂತಣ್ಣೋರ ನೆಂಟ್ರು ಇರೋ ಊರ್ನಾಗೆ ಬಾಳ್ಬೇಕು."

"ತಪ್ಪಾಯ್ತಾ? ಮತ್ತೆ ಹತ್ತಲಾ?" ಅಂದೆ.

ಅವರು ನನ್ನನ್ನೇ ನೋಡುತ್ತಾ ನಿಂತರು. ಅವರು ಮನೆಗೆ ಹೊರಟರೆ ಹೊರಡಲಿ, ತಡೆಯಬಾರದು ಅಂದುಕೊಂಡೆ. ಆಮೇಲೆ ಅವರೇ ಚಪ್ಪಲಿ ಕಳಚಿ, ನನ್ನ ಎದುರಿಗೆ ನೆಲದ ಮೇಲೆ ಕೂತು, ತಮಟೆಗೆ ಒಂದೇ ಒಂದು ಪೆಟ್ಟು ಕೊಟ್ಟರು. ನಾನೂ ಕೂತೆ.

ಮೈಕು ನಮ್ಮತ್ತ ಬರಲಿಲ್ಲ. ಹಿಂದಿನ ಸಾಲಿನವರೇ ಕುರ್ಚಿ ಎತ್ತಿಕೊಂಡು ಸುತ್ತ ಬಂದು ಕೂತರು. ದಾಸಪ್ಪಣ್ಣ ಸಿಟ್ಟಿನಲ್ಲೇ ಬಾರಿಸಿದರು. ಆ ಸಿಟ್ಟು ನನ್ನ ಮೇಲೂ ಇತ್ತು. ಪ್ರಾಕ್ಟೀಸಿನಲ್ಲಿ ಎಂದೂ ಕೊಡದ ಜವಾಬು ಕೊಟ್ಟರು. ಎರಡು ಕಡೆ ನಾನು ಸೋತೆ. ಮುಗಿದ ಮೇಲೆ ಖಾಸಿಂ ಸಾಹೇಬರು ಸ್ಟೇಜಿನ ಅಂಚಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಕಾರ್ಖಾನೆಯ ಯುಗಾದಿ ಕಾರ್ಯಕ್ರಮ ನಮ್ಮ ಕೈಬಿಟ್ಟಿತು, ಬೆಂಗಳೂರಿನ ಆರ್ಕೆಸ್ಟ್ರಾ ಬರುತ್ತದಂತೆ. ಸುತ್ತಲ ಊರುಗಳಲ್ಲೂ ಅನಂತರಾಜು ನನ್ನನ್ನು ಕರೆಯಬೇಡಿ ಅಂದಿದ್ದಾನೆ. ದಾಸಪ್ಪಣ್ಣನನ್ನು ಅವರೂರಿನ ಹಬ್ಬಕ್ಕೆ ಕರೆದಿಲ್ಲ. ಎರಡು ವಾರಕ್ಕೂ ಹೆಚ್ಚು ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಮೊನ್ನೆ ತಾವಾಗಿಯೇ ಶೆಡ್ಡಿಗೆ ಬಂದು, "ಆ ಎರಡ್ನೇ ಜವಾಬು ಒಸಿ ಸರಿಮಾಡ್ಬೇಕು ಮೇಷ್ಟ್ರೇ" ಅಂದರು. ಕೂತು ಸರಿಮಾಡಿದೆವು.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿ ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ. ನೀನೂ ಸುಖವಾಗಿರು.

ನಿನ್ನ,
ಮನೋಹರ್

ಮರೆತ ಮಾತು: ನೀನು ಹೋದದ್ದು ಅಮ್ಮನ ಮಂಡಿನೋವಿಗಲ್ಲ. ಕಾರ್ಯಕ್ರಮಕ್ಕೆ ಮುಂಚೆ ಒಂದು ದಿನ ನಮ್ಮ ಜಗುಲಿಯಲ್ಲಿ ನೀನು ಖಾಸಿಂ ಸಾಹೇಬರಿಗೂ ನನಗೂ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟು, ದಾಸಪ್ಪಣ್ಣನಿಗೆ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟೆ. ನಾನು ನನ್ನ ಲೋಟ ಅವರಿಗೆ ಕೊಟ್ಟು ಅವರದನ್ನು ಕುಡಿದೆ. "ಅವ್ರ ಮುಂದೆ ನನ್ನ ಮಾನ ಕಳೆದ್ರಿ" ಅಂದು ನೀನು ಮಾರನೆಯ ದಿನವೇ ಮಗುವನ್ನು ಕರೆದುಕೊಂಡು ಬಸ್ಸು ಹತ್ತಿದೆ. ನಿನ್ನ ಮನಸ್ಸು ನೋಯಿತು ಎಂದು ಗೊತ್ತು. ಆದರೂ ಮತ್ತೆ ಹಾಗೇ ಮಾಡುತ್ತೇನೆ, ಸರಸು. ಈ ಭಾನುವಾರ ದಾಸಪ್ಪಣ್ಣ ಊಟಕ್ಕೆ ಬರುತ್ತಾರೆ. ಒಳಗೆ, ನಡುಮನೆಯಲ್ಲಿ. ಒಂದೇ ಸಾಲಿನಲ್ಲಿ ಎಲೆ ಹಾಕುತ್ತೇನೆ. ನಿನಗೂ ಪುಟ್ಟಿಗೂ ಸೇರಿಸಿ. ಬೆಳಗಿನ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಬಂದುಬಿಡಬಹುದು.