ಮಂಗಳ ಹಾಡದ ಪುಸ್ತಕ

ಶಲವಡಿ,
೧೬ ಫೆಬ್ರುವರಿ ೧೯೮೭

ಕಲಘಟಗಿಯಲ್ಲಿರುವ ಅಕ್ಕ ಸಾವಂತ್ರೆವ್ವನಿಗೆ ತಂಗಿ ಮಾದೇವಿಯ ಶರಣಾರ್ಥಿ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯಲು ಕೈ ಬರಲಿಲ್ಲ. ಅವ್ವನನ್ನು ನವಲಗುಂದದ ಡಾಕ್ಟರರಿಗೆ ತೋರಿಸಿದೆ. ಮನೆಗೆ ಕರೆದುಕೊಂಡು ಹೋಗಿ, ಬಾಯಿಗೆ ಹಿಡಿಸಿದ್ದನ್ನು ಕೊಡಿ ಎಂದರು. ಅದರ ಅರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ.

ನೀನು ಕಳಿಸಿದ ಪುಸ್ತಕಗಳೆಲ್ಲ ಮುಟ್ಟಿವೆ. ಟಪಾಲಿನ ಉಡಚಪ್ಪ ಓಣಿಯ ತುದಿಯಲ್ಲಿ ನಿಂತು, "ಮಾದೇವಿ, ನಿಮ್ಮಕ್ಕ ಮತ್ತ ಪುಸ್ತಕ ಕಳಿಸ್ಯಾಳ ನೋಡವಾ" ಎಂದಾಗಲೆಲ್ಲ ಅವ್ವ ಕೌದಿಯೊಳಗಿಂದ ತಲೆ ಎತ್ತುತ್ತಾಳೆ. ಪುಸ್ತಕ ಮಾತ್ರ ಬಂದಿದೆ ಎಂದು ತಿಳಿದ ಮೇಲೆ ಮತ್ತೆ ಮಲಗುತ್ತಾಳೆ.

ಹತ್ತಿ ಬಿಡಿಸಿ ಬಂದು, ಕೈ ತೊಳೆದು, ಭಾಗ್ಯಜ್ಯೋತಿ ಬಲ್ಬಿನ ಕೆಳಗೆ ಕೂತು ಅವಳಿಗೆ ಓದುತ್ತೇನೆ. ಓದುವುದೆಂದರೆ ಅವಳ ಲೆಕ್ಕದಲ್ಲಿ ಮಠದಲ್ಲಿ ಶ್ರಾವಣಕ್ಕೆ ಹಚ್ಚುವ ಪುರಾಣವೇ. ಯಾವ ಪುಸ್ತಕವಾದರೂ ಮೊದಲು ಊದಿನಕಡ್ಡಿ ಹಚ್ಚಬೇಕು, ನಡುವೆ ಬಿಡಬಾರದು, ಮುಗಿದ ದಿನ ಮಂಗಳ ಹಾಡಿ ಕಾಯಿ ಒಡೆಯಬೇಕು. ಹತ್ತಿಯ ಹುಳದ ಬಗ್ಗೆ ನೀನು ಕಳಿಸಿದ ಆ ಸಣ್ಣ ಪುಸ್ತಕಕ್ಕೂ ಬಿಡಲಿಲ್ಲ. ಔಷಧ ಹೊಡೆಯುವುದು ಹೇಗೆ ಎಂಬ ಕಡೆಯ ಪುಟ ಓದಿ ಮುಗಿಸಿ, ಮಂಗಳ ಹಾಡಿ ಕಾಯಿ ಒಡೆದೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಅವ್ವ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಆಮೇಲೆ ಹೇಳಿದಳು. ನಮ್ಮ ಓಣಿಯವರು ಮಠದ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಪುರಾಣ ಕೇಳುತ್ತಿದ್ದರಂತೆ. ಕಡೆಯ ದಿನ ಬಾಜಾ ಬಜಂತ್ರಿಯ ಸದ್ದಿಗೆ ಹೊರಗಿನವರಿಗೆ ಏನೂ ಕೇಳುತ್ತಿರಲಿಲ್ಲವಂತೆ. "ಒಂದ ಪುರಾಣದ್ದೂ ಕಡೀ ಮಾತು ನಾ ಕೇಳಿಲ್ಲವಾ. ನಮ್ಮ ಮನ್ಯಾಗ ಓದಿದ್ದಕ್ಕರ ಮಂಗಳ ಆಗಲಿ" ಎಂದಳು. ನನ್ನ ನಗು ಅಲ್ಲಿಗೇ ನಿಂತಿತು.

ಪತ್ತೇದಾರಿ ಕಾದಂಬರಿ ಓದಿ ನನಗೆ ಹಿತ್ತಲಿಗೆ ಹೋಗಲೂ ಹೆದರಿಕೆಯಾಯಿತು. ಕೊಲೆಗಾರ ಯಾರೆಂದು ಅವ್ವ ಶುರುವಿನಲ್ಲೇ ಹಿಡಿದಿದ್ದಳು; ಅಷ್ಟು ನಯವಾಗಿ ಮಾತಾಡುವವನು ಒಳ್ಳೆಯವನಿರಲಾರ ಎಂದು ಅವಳ ವಾದ. ಹಡಗಿನಲ್ಲಿ ದೇಶ ಸುತ್ತಿದವರ ಪುಸ್ತಕ ಓದಿದಾಗ ಹೊಟ್ಟೆಕಿಚ್ಚಾಯಿತು. ಹುಬ್ಬಳ್ಳಿ ದಾಟದ ನಾನು ಯಾರ ಮೇಲೆ ಸಿಡುಕಲಿ? ಒಲೆಯ ಮೇಲೆ ಸಿಡುಕಿದೆ. ಪ್ರೇಮದ ಕಾದಂಬರಿಯಲ್ಲಿ ಆ ಹುಡುಗಿ ಆಸ್ಪತ್ರೆಯಲ್ಲಿ ಸತ್ತಾಗ ಬಿಕ್ಕಿಬಿಕ್ಕಿ ಅತ್ತೆ. ಅವ್ವನಿಗೆ ಅವಳನ್ನು ಕಂಡರಾಗಲಿಲ್ಲ. "ಒಂದಿನಾನೂ ಕಳೇ ತಗ್ಯಾಕ ಹೋಗಿಲ್ಲ ಈಕಿ, ಅದಕ್ಕ ಅಳಾಕ ಇಷ್ಟು ಪುರಸೊತ್ತು" ಎಂದಳು.

ಕಡೆಗೆ ಬಂದ ಪುಸ್ತಕವನ್ನು ನೀನು ಓದಿ ಕಳಿಸಿದೆಯೋ, ಓದದೆ ಕಳಿಸಿದೆಯೋ ತಿಳಿಯದು. ಅದರಲ್ಲಿ ಪಟ್ಟಣ ಸೇರಿದ ಮಗಳೊಬ್ಬಳು ನಾಲ್ಕು ಜನರ ಮುಂದೆ ತಾಯಿಯನ್ನು ತಾಯಿ ಎನ್ನುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿ ಪುಸ್ತಕ ಮುಚ್ಚಿದೆ. ಅವ್ವ ಅದೇ ಪುಟವನ್ನು ಮತ್ತೊಮ್ಮೆ ಓದಿಸಿದಳು. ಕೇಳಿ, "ಆಕೀದೂ ಬಾಡಿಗಿ ಮನಿ ಇರಬೇಕು" ಎಂದಳು.

ಆಗ ಅವಳ ಬಾಯಿಂದ ಎಲ್ಲ ಹೊರಗೆ ಬಂತು. ಹೋದ ವರ್ಷ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಿನ್ನಲ್ಲಿಗೆ ಬಂದಳಲ್ಲ, ಅಂದೇ ತಿರುಗಿ ಬಂದು, ಅಕ್ಕ ಮನೆಯಲ್ಲಿರಲಿಲ್ಲ ಎಂದು ನನಗೆ ಹೇಳಿದ್ದಳು. ನೀನು ಮನೆಯಲ್ಲೇ ಇದ್ದೆ. ನಮ್ಮ ಓಣಿ ಯಾವುದೆಂದು ಗೊತ್ತಾದರೆ ಮನೆ ಬಿಡಿಸುತ್ತಾರೆಂದು ಹೆದರಿ, ಮಾಲಕರ ಹೆಂಡತಿಗೆ ಅವ್ವನನ್ನು "ನಮ್ಮ ಊರ ಕಡೆಯವರು" ಎಂದು ಹೇಳಿದೆ. ಅಂದಿನಿಂದ ಪುಸ್ತಕಗಳು ಬರುತ್ತವೆ, ನೀನು ಬರುವುದಿಲ್ಲ. ಆ ಊರಿನಲ್ಲಿ ಸಾವಂತ್ರೆವ್ವ ಎಂಬ ಹೆಸರು ಬಿಟ್ಟು, ಶಾಲೆಯ ಸಾವಿತ್ರಿ ಅಕ್ಕೋರಾಗಿ ಬದುಕುವುದು ಎಷ್ಟು ಕಷ್ಟವೋ ನನಗೆ ಗೊತ್ತಿಲ್ಲ. ಆದರೂ ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಅವ್ವನಿಗಿಲ್ಲ. ನಿನಗೆ ಮುಖ ತೋರಿಸಲು ನಾಚಿಕೆಯಾಗಿರಬೇಕು ಎಂದು ಅವಳೇ ನಿನ್ನ ಪರವಾಗಿ ಮಾತಾಡುತ್ತಾಳೆ.

ಈಗ ಆ ಪುಸ್ತಕದ ಕಡೆಯ ಅಧ್ಯಾಯವೊಂದು ಉಳಿದಿದೆ. ಅವ್ವ ಓದಗೊಡುತ್ತಿಲ್ಲ. ಮಂಗಳಕ್ಕೆ ಮನೆಯವರೆಲ್ಲ ಕೂತಿರಬೇಕಂತೆ. "ಸಾವಂತ್ರಿ ಬರಲಿ, ಆಮ್ಯಾಲ ಮುಗಸೂಣು" ಎನ್ನುತ್ತಾಳೆ. ಕಾಯಿ ತರಿಸಿ ತಲೆದೆಸೆಯಲ್ಲಿ ಇಟ್ಟುಕೊಂಡಿದ್ದಾಳೆ. ದಿನವೂ ಸಂಜೆ ಊದಿನಕಡ್ಡಿ ಹಚ್ಚಿಸಿ ಓದಿದ್ದನ್ನೇ ಮತ್ತೆ ಓದಿಸುತ್ತಾಳೆ. ಗಂಜಿ ಗಂಟಲಿಗಿಳಿಯುವುದು ಕಡಿಮೆಯಾಗಿದೆ. ಉಸಿರಿನ ಸದ್ದಿಗೆ ನನ್ನ ಓದು ಅವಳಿಗೆ ಕೇಳುತ್ತದೋ ಇಲ್ಲವೋ.

ಬೇಗ ಬಾ ಅಕ್ಕ. ಹುಬ್ಬಳ್ಳಿಗೆ ಬಂದು ಅಣ್ಣಿಗೇರಿಯ ಬಸ್ಸು ಹಿಡಿ. ಮಾಲಕರ ಹೆಂಡತಿ ಕೇಳಿದರೆ, ಊರ ಕಡೆಯವರೊಬ್ಬರಿಗೆ ಆರಾಮಿಲ್ಲ ಎಂದು ಹೇಳಿ ಬಾ.

ನಿನ್ನ ದಾರಿ ಕಾಯುವ,
ಮಾದೇವಿ

ತಾ.ಕ.: ಅವ್ವ ಮಲಗಿದ್ದಾಗ ಕಡೆಯ ಅಧ್ಯಾಯವನ್ನು ಕದ್ದು ಓದಿದೆ. ಮಗಳು ಬರುತ್ತಾಳೆ, ತಾಯಿಯನ್ನು ಮಣ್ಣು ಮಾಡಿದ ಮೇಲೆ. ಅವ್ವನಿಗೆ ಅಕ್ಷರ ಬಾರದು. ಮೊದಲೇ ಬಂದಳು ಎಂದು ನಾನು ತಿರುಗಿಸಿ ಓದಬಹುದು. ಆದರೆ ಮಗಳು ಬಂದಳು ಎಂದು ಓದಿದ ಕೂಡಲೇ ಅವ್ವ ಬಾಗಿಲ ಕಡೆ ನೋಡುತ್ತಾಳೆ.