ಭಾವನ ಕೈಗವಸು

ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಣ್ಣಿನ ಔಷಧಿ ತುಂಬುವ ಕೋಣೆಯಿಂದ ಭಾವನನ್ನು ಹೊರಗೆ ಹಾಕಿಸಿದ್ದು ನಾನೇ ಎಂಬ ಮಾತು ನಿಜ. ಕೆಲಸ ಮುಗಿದ ಮೇಲೆ ಎಲ್ಲರ ಕೈಗವಸಿನ ಬೆರಳುಗಳನ್ನು ಕ್ರಿಮಿ ಬೆಳೆಸಿ ನೋಡುವ ಪ್ಲೇಟಿಗೆ ಒತ್ತಿಸಿ, ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಒತ್ತಿಸಿದ ಐದನೆಯ ದಿನ ಭಾವನ ಪ್ಲೇಟಿನಲ್ಲಿ ನಾಲ್ಕು ಹಳದಿ ಚುಕ್ಕೆಗಳು ಎದ್ದಿದ್ದವು.

ಮ್ಯಾನೇಜರ್, "ಮನೆಯವರೇ ಅಲ್ವಾ, ಪ್ಲೇಟ್ ಕೈಜಾರಿ ಬಿತ್ತು ಅಂತ ಬರೆದ್ಬಿಡಿ" ಎಂದರು. ಭಾವ ಪಕ್ಕದಲ್ಲೇ ನಿಂತಿದ್ದರು.

"ಬೇಡಮ್ಮ, ಇದ್ದದ್ದನ್ನೇ ಬರಿ. ಅವತ್ತು ಗ್ಲೌಸ್ ಕಿರುಬೆರಳಿನ ಹತ್ರ ಹರಿದಿತ್ತು. ಮಷೀನ್ ನಿಲ್ಲಿಸಿದ್ರೆ ಬೈತಾರೆ ಅಂತ ಸುಮ್ಮನಿದ್ದೆ" ಎಂದರು.

ನಾನು ಬರೆದೆ. ಅಂದು ತುಂಬಿದ ಬಾಟಲಿಗಳನ್ನು ಒಂದೂ ಬಿಡದೆ ನಾಶಮಾಡಿದರು. ಯಾರ ಕಣ್ಣಿಗೂ ಅದರ ಒಂದು ಹನಿ ಬೀಳಲಿಲ್ಲ.

ಇದನ್ನು ಭಾವ ನಿನಗೆ ಹೇಳಿರಲಾರರು. ಹೆಂಡತಿಯ ಮುಂದೆ ತಪ್ಪೊಪ್ಪಿಕೊಳ್ಳುವುದು ಅವರಿಗೆ ಕಷ್ಟ. ನಾನು ಹೇಳಿದೆನೆಂದು ಬಾಯಿ ಬಿಡಬೇಡ.

ಅವರ ಅಂಗೈಯ ಬಿರುಕು ಇನ್ನೂ ಪೂರ್ತಿ ವಾಸಿಯಾಗಿಲ್ಲ. ಬಿರುಕಿನಲ್ಲಿ ಎಷ್ಟು ತೊಳೆದರೂ ಕ್ರಿಮಿ ಉಳಿದುಬಿಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸು. ಮುಲಾಮು ನೀನೇ ಹಚ್ಚು, ಅವರನ್ನು ನಂಬಿದರೆ ಟ್ಯೂಬು ಹಾಗೇ ಒಣಗುತ್ತದೆ. ಪಾತ್ರೆ ತಿಕ್ಕಿಕೊಡುತ್ತೇನೆಂದು ಬಂದರೂ ಬಿಡಬೇಡ, ನಿನಗೆ ಎಷ್ಟೇ ಆಸೆಯಾದರೂ.

ಮತ್ತೆ ಆ ಕೋಣೆಗೆ ಹೋಗಲು ಅವರು ಮೂರು ಸಲ ಪರೀಕ್ಷೆ ಪಾಸಾಗಬೇಕು. ಎರಡು ಆಗಿದೆ. ಸೋಮವಾರ ಮೂರನೆಯ ಪ್ಲೇಟನ್ನು ನೋಡುವವಳೂ ನಾನೇ. ಒಂದು ಚುಕ್ಕೆ ಕಂಡರೂ ಬರೆಯುತ್ತೇನೆ. ಆದರೆ ಕಾಣುವುದಿಲ್ಲ. ಅವರು ಈಗ ಕೈಗವಸು ತೊಡುವ ರೀತಿಯನ್ನು ನಾನು ಗಾಜಿನಾಚೆ ನಿಂತು ನೋಡಿದ್ದೇನೆ.

ಸೋಮವಾರ ಸಂಜೆ ಫೋನ್ ಮಾಡುತ್ತೇನೆ, ಎತ್ತು.

ನಿನ್ನ ತಂಗಿ