ಐವತ್ತೇಳನೇ ಪುಟದ ಫೋಟೊ

ಅಜ್ಜಂಪುರ,
ಗುರುವಾರ

ಪ್ರೀತಿಯ ಭವ್ಯಕ್ಕ,

ದೇವೀರಪ್ಪನವರ ಪುಸ್ತಕ ನಿನ್ನೆ ಕಡೂರಿನ ಪ್ರೆಸ್ಸಿನಿಂದ ಬಂತು. ನಿಮ್ಮ ಪ್ರತಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಒಂದು ಮಾತು ಬಾಯಿವರೆಗೂ ಬಂದು ವಾಪಸ್ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಪುಸ್ತಕದ ಫೈಲ್ ಕೈಕೊಟ್ಟ ದಿನ ಬೆಳಿಗ್ಗೆ ನನ್ನ ಪಾಡು ಏನಾಗಿತ್ತು ಅಂತ ನಿಮಗೆ ಪೂರ್ತಿ ಗೊತ್ತಿಲ್ಲ. ಹಿಂದಿನ ಸಂಜೆ ಕೊನೆಯ ಫೋಟೊ ಕೂರಿಸಿ, ಫೈಲ್ ಸೇವ್ ಮಾಡಿ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ತೆಗೆದರೆ ಅರ್ಧ ಪುಟ ಕಾಣಿಸಿ, ಸಾಫ್ಟ್‌ವೇರೇ ತಟ್ಟಂತ ಮುಚ್ಚಿಹೋಯಿತು. ಕಂಪ್ಯೂಟರ್ ಆರಿಸಿ ಹಚ್ಚಿದೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಪೆನ್ ಡ್ರೈವ್‌ನಲ್ಲಿದ್ದ ಇನ್ನೊಂದು ಕಾಪಿಯೂ ಹಾಗೇ ಮುಚ್ಚಿಕೊಂಡಿತು. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಮೂವತ್ತು ವರ್ಷ ಗೇಟ್ ಕೆಲಸ ಮಾಡಿದ ದೇವೀರಪ್ಪನವರು ತಮ್ಮ ನೆನಪುಗಳ ಈ ಪುಸ್ತಕದ ಅರ್ಧವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದರು. ಉಳಿದರ್ಧವನ್ನು ನನ್ನ ಪಕ್ಕ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ನೆನೆದು ನೆನೆದು ಹೇಳಿ ಬರೆಸಿದ್ದರು. ಆ ಅರ್ಧ ಬೇರೆಲ್ಲೂ ಇರಲಿಲ್ಲ. ಅವರ ಕಾಲದ ಕೆಲಸಗಾರರೆಲ್ಲ ಸೇರುವ ದಿನ ಪುಸ್ತಕ ಹಂಚಬೇಕಿತ್ತು, ಅದಕ್ಕೆ ಹನ್ನೆರಡೇ ದಿನ ಬಾಕಿ.

ಹತ್ತು ಗಂಟೆಯ ಹೊತ್ತಿಗೆ ನನಗೆ ಹೊಳೆದದ್ದು ಒಂದೇ ಹೆಸರು, ನಿಮ್ಮದು. ನಾಲ್ಕು ವರ್ಷ ಮಾತಾಡದ ಮನುಷ್ಯರಿಗೆ ಹೇಗೆ ಫೋನ್ ಮಾಡೋದು? ತರೀಕೆರೆಯ ನಿಮ್ಮ ಅಂಗಡಿಯಲ್ಲಿ ಆರು ವರ್ಷ ಕೂತು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಲು ಕಲಿತವಳು, ಅಜ್ಜಂಪುರ ತಾಲ್ಲೂಕಾಯಿತು, ಅಲ್ಲೇ ಅಂಗಡಿ ಇಡುತ್ತೇನೆ ಅಂತ ಒಂದು ಶನಿವಾರ ಹೇಳಿ, ಸೋಮವಾರ ಇಲ್ಲಿ ಬೋರ್ಡು ಹಾಕಿದೆ. "ಆಗ್ಲಿ ಕಣೇ, ಹೋಗು" ಅಂದು ನೀವು ಮಾನಿಟರ್ ಕಡೆ ತಿರುಗಿದಿರಿ. ಅಷ್ಟೇ ನಮ್ಮ ಕೊನೆಯ ಮಾತು.

ನೀವು ಎರಡನೇ ರಿಂಗಿಗೇ ಎತ್ತಿದಿರಿ. ಯಾರು, ಏನು, ಇಷ್ಟು ದಿನ ಎಲ್ಲಿದ್ದೆ, ಒಂದೂ ಕೇಳಲಿಲ್ಲ. ನನ್ನ ಅಳು ಕೇಳಿ, "ಅಳೋದು ಆಮೇಲೆ. ವಿಡಿಯೊ ಕಾಲ್ ಮಾಡಿ ಫೋನ್‌ನ ಮಾನಿಟರ್ ಕಡೆ ತಿರುಗ್ಸು" ಅಂದಿರಿ.

"ಹೊಸಾ ಖಾಲಿ ಫೈಲ್ ತೆಗಿ. ಓಪನ್ ಆಯ್ತಾ?"

"ಹೂಂ ಅಕ್ಕ."

"ಹಂಗಾದ್ರೆ ಸಾಫ್ಟ್‌ವೇರ್ ನೆಟ್ಟಗೈತೆ. ಅದೇ ಫಾಂಟಿನ ಹಳೇದೊಂದು ಫೈಲ್ ತೆಗಿ."

ಅದೂ ತೆರೆಯಿತು. "ಫಾಂಟೂ ನೆಟ್ಟಗೈತೆ. ಫೋಟೊ ಇಟ್ಟಿರೋ ಫೋಲ್ಡರ್ ಹೆಸ್ರು ಬದಲಾಯ್ಸು. ಅದಕ್ಕೆ ಒಂದು ಫೋಟೊನೂ ಸಿಗಬಾರ್ದು."

ಹೆಸರು ಬದಲಾಯಿಸಿದೆ. ಫೈಲ್ ತೆಗೆದೆ. ಫೋಟೊ ಸಿಗುತ್ತಿಲ್ಲ, ಹುಡುಕಲಾ ಅಂತ ಕೇಳಿತು, ಬೇಡ ಅಂದೆ. ನೂರಾ ಹನ್ನೆರಡು ಪುಟಗಳೂ ತೆರೆದುಕೊಂಡವು! ಫೋಟೊ ಇರಬೇಕಾದ ಕಡೆಯೆಲ್ಲ ಖಾಲಿ ಚೌಕ, ಆದರೆ ದೇವೀರಪ್ಪನವರ ಒಂದು ಸಾಲೂ ಹೋಗಿರಲಿಲ್ಲ. ಆಮೇಲೆ ಒಂದೊಂದೇ ಫೋಟೊ ಮತ್ತೆ ಸೇರಿಸಲು ಹೇಳಿದಿರಿ. ಐವತ್ತೇಳನೇ ಪುಟಕ್ಕೆ ಬಂದಾಗ ಮತ್ತೆ ತಟ್ಟಂತ ಮುಚ್ಚಿತು. ಕಳ್ಳ ಸಿಕ್ಕಿಬಿದ್ದ. ದೇವೀರಪ್ಪನವರ ಹೆಂಡತಿ ಜಯಲಕ್ಷ್ಮಮ್ಮ ಅಣೆಕಟ್ಟಿನ ಮೇಲೆ ಬುತ್ತಿ ಹಿಡಿದು ನಿಂತ ಫೋಟೊ. ಹಿಂದಿನ ಸಂಜೆ ಕೊನೆಗೆ ಕೂರಿಸಿದ್ದು ಅದನ್ನೇ, ಆಗ ಹೇಗೋ ಕೂತಿತ್ತು; ಯಾರದೋ ಫೋನಿನಿಂದ ಬರುವಾಗಲೇ ಕೆಟ್ಟಿತ್ತು.

"ಅದೊಂದನ್ನ ಬಿಟ್ಬಿಡ್ಲಾ ಅಕ್ಕ?" ಅಂದೆ.

"ಬಿಡೋದಾ? ಇಡೀ ಪುಸ್ತಕದಾಗೆ ಆಯಮ್ಮಂದು ಇರೋದೇ ಒಂದು. ನಾಳೆ ತರೀಕೆರೆಗೆ ಬಾ. ಸ್ಕ್ಯಾನರ್ ತಗಂಡು ನಾನೂ ಬತ್ತೀನಿ, ಲಕ್ಕವಳ್ಳಿಗೆ ಅವ್ರ ಮನೆಗೇ ಹೋಗಾನ."

ಆ ದಿನ ಎಷ್ಟು ಚೆನ್ನಾಗಿತ್ತು ಅಕ್ಕ. ಜಯಲಕ್ಷ್ಮಮ್ಮ ಗೋಡೆಯಿಂದ ಫೋಟೊ ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ, "ನನ್ನ ಮುಖ ನೋಡಿ ಮಿಷನ್ನೇ ನಿಂತೋಯ್ತಾ?" ಅಂತ ನಕ್ಕರಲ್ಲ, ಪಕ್ಕದಲ್ಲಿ ದೇವೀರಪ್ಪನವರು ನಾಚಿಕೊಂಡು ನೆಲ ನೋಡುತ್ತಿದ್ದರು. ಚಿತ್ರಾನ್ನ ತಿನ್ನಿಸದೆ ಬಿಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ನನಗೆ ಬಿಟ್ಟುಕೊಟ್ಟು, "ಅಂಗಡಿ ಚೆನ್ನಾಗಿ ನಡೀತೈತಾ?" ಅಂತ ಒಂದೇ ಒಂದು ಸಲ ಕೇಳಿದಿರಿ. ಹೂಂ ಅಂದೆ. ಹೇಳಬೇಕಾದ್ದು ಅದಲ್ಲವಾಗಿತ್ತು.

ಈಗ ಹೇಳುತ್ತೇನೆ. ನಿಮ್ಮ ಅಂಗಡಿ ಬಿಟ್ಟ ಶನಿವಾರ, ನೀವು ಊಟಕ್ಕೆ ಹೋಗಿದ್ದಾಗ, ಲಗ್ನಪತ್ರಿಕೆಗಳಿಗೆಂದು ನೀವು ವರ್ಷಗಟ್ಟಲೆ ಕೂತು ಬಿಡಿಸಿದ ಬಳ್ಳಿ, ಹೂವು, ಅಂಚುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡು ಬಂದೆ. ಕೇಳಿದ್ದರೆ ಕೊಡುತ್ತಿದ್ದಿರಿ. ಕೇಳಲಿಲ್ಲ. ನಾಲ್ಕು ವರ್ಷ ನಿಮ್ಮ ಮುಖ ನೋಡದೆ ಉಳಿದದ್ದು ಸಿಟ್ಟಿನಿಂದಲ್ಲ, ಇದರ ಹೆದರಿಕೆಯಿಂದ.

ಆ ಬೆಳಿಗ್ಗೆ ನೀವು ಅದನ್ನು ನೋಡಿದಿರಿ, ನನಗೆ ಗೊತ್ತು. ಫೋನ್ ಮಾನಿಟರ್ ಕಡೆ ತಿರುಗಿಸಿದಾಗ "ಭವ್ಯಕ್ಕನ ಬಳ್ಳಿಗಳು" ಅನ್ನುವ ಫೋಲ್ಡರ್ ಮೂಲೆಯಲ್ಲಿ ಎದ್ದು ಕಾಣುತ್ತಿತ್ತು. ನೀವು ಬಗ್ಗಿ ಹತ್ತಿರದಿಂದ ನೋಡಿದಿರಿ. ಆಮೇಲೆ, "ಮುಂದಕ್ಕೆ ಹೋಗು" ಅಂದಿರಿ. ಬಯ್ದಿದ್ದರೆ ಹಗುರಾಗುತ್ತಿದ್ದೆನೇನೋ. ಆ ಎರಡು ಮಾತಿನಲ್ಲಿ ನೀವು ನನ್ನನ್ನು ಎಷ್ಟು ಕಾಪಾಡಿದಿರಿ ಅಂತ ದಿನಾ ನೆನೆಯುತ್ತೇನೆ.

ತಪ್ಪಾಯಿತು ಅಕ್ಕ. ಅವನ್ನು ಇಟ್ಟುಕೊಳ್ಳಲೋ, ಅಳಿಸಲೋ, ನೀವು ಹೇಳಿದ ಹಾಗೆ ಮಾಡುತ್ತೇನೆ. ಅಲ್ಲಿವರೆಗೆ ಮುಟ್ಟುವುದಿಲ್ಲ. ಆದರೂ ಇಷ್ಟು ಬರೆದ ಮೇಲೆ ಮನಸ್ಸು ತಿಳಿಯಾಗಿದೆ. ಎದುರಿನ ಹೋಟೆಲಿನಿಂದ ಟೀ ತರಿಸಿ ಕುಡಿಯುತ್ತಾ ಕೂತಿದ್ದೇನೆ.

ನನ್ನ ಅಂಗಡಿಯನ್ನು ನೀವು ಇನ್ನೂ ನೋಡಿಲ್ಲ. ಭಾನುವಾರ ಬನ್ನಿ. ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತೇನೆ. ಬಯ್ಯುವುದಿದ್ದರೆ ಊಟ ಮಾಡಿ, ನನ್ನ ಕುರ್ಚಿಯಲ್ಲೇ ಕೂತು ಬಯ್ಯಿರಿ. ಎದುರಿಗೆ ನಿಂತು ಕೇಳುತ್ತೇನೆ.

ನಿಮ್ಮ ಕಣ್ಣು, ನಿಮ್ಮ ಬೆರಳು ನೂರು ಕಾಲ ಚೆನ್ನಾಗಿರಲಿ.

ನಿಮ್ಮ ಕೈಕೆಳಗೆ ಅಕ್ಷರ ಜೋಡಿಸಲು ಕಲಿತ,
ಕೋಮಲಾ